ಸ್ಲೇಡ್‌ಬರ್ನ್ ದಾಖಲೆ: ಯಾರ್ಕ್‌ಷೈರಿನಲ್ಲೋ, ಲ್ಯಾಂಕಾಷೈರಿನಲ್ಲೋ?

ಪ್ರಶ್ನೆ: ಹಳೆಯ ಕುಟುಂಬದ ಕಾಗದದಲ್ಲಿ ‘ಸ್ಲೇಡ್‌ಬರ್ನ್, ಯಾರ್ಕ್‌ಷೈರ್’ ಎಂದಿದೆ. ಈಗಿನ ನಕ್ಷೆಯಲ್ಲಿ ಇಂಗ್ಲೆಂಡಿನ ಆ ಊರು ಲ್ಯಾಂಕಾಷೈರಿನಲ್ಲಿದೆ. ದಾಖಲೆಗಳನ್ನು ಎಲ್ಲಿ ಹುಡುಕಬೇಕು?

ಉತ್ತರ: ಎರಡೂ ಕಡೆ. ಯಾವ ದಾಖಲೆ ಬೇಕೋ ಅದರ ಮೇಲೆ ಕೌಂಟಿ (ಇಂಗ್ಲೆಂಡಿನ ಆಡಳಿತ ವಿಭಾಗ) ಬದಲಾಗುತ್ತದೆ.

ಹಾಡರ್ ನದಿಯ ದಂಡೆಯ ಈ ಪುಟ್ಟ ಹಳ್ಳಿ ಶತಮಾನಗಳ ಕಾಲ ಯಾರ್ಕ್‌ಷೈರಿನ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗ್‌ಗೆ ಸೇರಿತ್ತು. 1972ರ ಸ್ಥಳೀಯಾಡಳಿತ ಕಾಯ್ದೆಯಂತೆ 1974ರ ಏಪ್ರಿಲ್ 1ರಂದು ಸುತ್ತಲಿನ ಊರುಗಳ ಜೊತೆ ಲ್ಯಾಂಕಾಷೈರಿನ ಪಾಲಾಯಿತು. ಹಾಗಾದರೆ 1974ಕ್ಕೆ ಮುಂಚಿನದ್ದೆಲ್ಲ ಯಾರ್ಕ್‌ಷೈರಿನಲ್ಲೇ ಇರಬೇಕಲ್ಲ? ಜನನ, ಮರಣದ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ.

1834ರ ಬಡವರ ಕಾಯ್ದೆಯ ನಂತರ ಹಳ್ಳಿಗಳನ್ನು ಹತ್ತಿರದ ಸಂತೆ ಪಟ್ಟಣಕ್ಕೆ ಜೋಡಿಸಿ, ಬಡವರಿಗೆ ನೆರವು ಕೊಡಲು ‘ಯೂನಿಯನ್’ ಎಂಬ ಗುಂಪು ಕಟ್ಟಿದರು. ಕೌಂಟಿ ಗಡಿ ಅಡ್ಡ ಬಂದರೂ ತಲೆಕೆಡಿಸಿಕೊಳ್ಳಲಿಲ್ಲ. ಸ್ಲೇಡ್‌ಬರ್ನ್ ಸೇರಿದ್ದು ಗಡಿಯಾಚೆಯ, ಲ್ಯಾಂಕಾಷೈರಿನ ಕ್ಲಿದರೋ ಪಟ್ಟಣಕ್ಕೆ. 1837ರ ಜುಲೈ 1ರಿಂದ ಜನನ, ಮರಣಗಳ ಸರ್ಕಾರಿ ನೋಂದಣಿ ಶುರುವಾದಾಗ ಈ ಯೂನಿಯನ್ನೇ ನೋಂದಣಿ ಜಿಲ್ಲೆಗೂ ಆಧಾರವಾಯಿತು. ಆದ್ದರಿಂದ ಆ ನೋಂದಣಿಯ ಹೆಸರುಗಳ ಸೂಚಿಯಲ್ಲಿ ಜಿಲ್ಲೆ ‘ಕ್ಲಿದರೋ’ ಎಂದು ಕೊಡಿ. 1852ರಿಂದ 1946ರವರೆಗೆ ಅದರ ಸಂಪುಟ ಸಂಖ್ಯೆ 8ಇ. ಯಾರ್ಕ್‌ಷೈರಿನ ಸಂಪುಟಗಳು 9ರಿಂದ ಶುರು. ಯಾರ್ಕ್‌ಷೈರಿನ ಜಿಲ್ಲೆಗಳಾದ ಸೆಟ್ಲ್, ಸ್ಕಿಪ್ಟನ್ ಎಂದು ಹುಡುಕಿ ಸುಸ್ತಾಗುವವರೇ ಹೆಚ್ಚು.

ಜನಗಣತಿ ಇದಕ್ಕೆ ತದ್ವಿರುದ್ಧ. ಅಲ್ಲಿ ನೋಂದಣಿ ಜಿಲ್ಲೆ ಕ್ಲಿದರೋ, ಆದರೆ ಕೌಂಟಿ ಯಾರ್ಕ್‌ಷೈರ್. ‘ಲ್ಯಾಂಕಾಷೈರ್’ ಎಂದು ಫಿಲ್ಟರ್ ಹಾಕಿದರೆ ಇದ್ದ ಹೆಸರೂ ಮಾಯ. ಕೌಂಟಿ ಖಾನೆ ಖಾಲಿ ಬಿಟ್ಟು, ಊರಿನ ಹೆಸರಿಗೆ ನ್ಯೂಟನ್, ಈಸಿಂಗ್‌ಟನ್ ಎಂದೂ ಹಾಕಿ ನೋಡಿ; ಅವೂ ಹಳೆಯ ಸ್ಲೇಡ್‌ಬರ್ನ್ ಪ್ಯಾರಿಷ್‌ನವೇ (ಒಂದು ಚರ್ಚಿನ ವ್ಯಾಪ್ತಿಯ ಊರುಗಳು). 1931ರದ್ದನ್ನು ಮಾತ್ರ ಹುಡುಕಬೇಡಿ, ಅದು 1942ರಲ್ಲಿ ಸುಟ್ಟುಹೋಯಿತು.

ಜಮೀನಿನ ಕಾಗದಕ್ಕೆ ಪೂರ್ತಿ ಯಾರ್ಕ್‌ಷೈರಿನ ದಾರಿ. ವೆಸ್ಟ್ ರೈಡಿಂಗ್‌ನ ಆಸ್ತಿ ಪತ್ರಗಳ ನೋಂದಣಿ ಕಚೇರಿ 1704ರಿಂದ 1970ರವರೆಗೆ ವೇಕ್‌ಫೀಲ್ಡ್‌ನಲ್ಲಿತ್ತು, ಆ ಪುಸ್ತಕಗಳು ಈಗಲೂ ಅಲ್ಲೇ ಇವೆ. ಸಿಗುವುದು ಮೂಲ ಪತ್ರವಲ್ಲ, ಅದರ ಸಾರಾಂಶ. ಹೆಸರಿನ ಸೂಚಿಯಲ್ಲಿ ಹುಡುಕಬೇಕಾದ್ದು ಮಾರಿದವನನ್ನು, ಕೊಂಡವನನ್ನಲ್ಲ. ನಿಮ್ಮ ಹಿರಿಯರು ಕೊಂಡವರಾಗಿದ್ದರೆ ಮಾರಿದವರ ಹೆಸರು, ಅಂದಾಜು ಇಸವಿ ಗೊತ್ತುಮಾಡಿಕೊಂಡೇ ಹೋಗಿ. ಇನ್ನು ಈಗಿನವರಿಗೆ ಕಾಗದ ಬರೆಯುವುದಾದರೆ ಈ ತಕರಾರೇ ಇಲ್ಲ: ಸ್ಲೇಡ್‌ಬರ್ನ್, ಕ್ಲಿದರೋ, ಜೊತೆಗೆ ಬಿಬಿ7ರಿಂದ ಶುರುವಾಗುವ ಪೂರ್ತಿ ಪೋಸ್ಟ್‌ಕೋಡ್ ಇದ್ದರೆ ಸಾಕು, ಕೌಂಟಿ ಬರೆಯಬೇಕಾಗಿಲ್ಲ.