ಎಲ್ ನಿನೊ ಬಂದರೂ ಮಳೆ ಸುರಿದ ವರ್ಷ

ಏಪ್ರಿಲ್ ಬಂತೆಂದರೆ ಸುದ್ದಿವಾಹಿನಿಗಳಲ್ಲಿ ಎಲ್ ನಿನೊ ಜಪ ಶುರುವಾಗುತ್ತದೆ. ಬರ ಬಂದರೆ ಎಲ್ಲದಕ್ಕೂ ಅದೇ ಕಾರಣ, ಮಳೆ ಚೆನ್ನಾಗಿ ಆಯಿತೆಂದರೆ ಅದರ ಮಾತೇ ಇಲ್ಲ.

ಪೆಸಿಫಿಕ್ ಸಾಗರದ ಸಮಭಾಜಕ ಭಾಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ, ಮೇಲ್ಪದರದ ಬಿಸಿ ನೀರನ್ನು ಇಂಡೋನೇಷ್ಯಾದತ್ತ ದಬ್ಬುತ್ತಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಈ ಗಾಳಿ ಸೊರಗುತ್ತದೆ. ಆಗ ಬಿಸಿ ನೀರು ಪೆರು ದೇಶದ ಕಡೆಗೆ ಹರಡಿಕೊಳ್ಳುತ್ತದೆ, ಇದೇ ಎಲ್ ನಿನೊ. ದಟ್ಟ ಮೋಡ ಕಟ್ಟುವ ಜಾಗವೂ ಅದರ ಹಿಂದೆಯೇ ಸರಿಯುತ್ತದೆ. ಅಲ್ಲಿ ಮೇಲೇರಿದ ಗಾಳಿ ನಮ್ಮ ಕಡೆ ಕೆಳಗಿಳಿದು ಮೋಡ ಬೆಳೆಯದಂತೆ ತಡೆಯುತ್ತದೆ.

1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದನೇ ಒಂದು ಪಾಲು ಜನರನ್ನು ಕಳೆದುಕೊಂಡಾಗ ಇದಾವುದೂ ಗೊತ್ತಿರಲಿಲ್ಲ. ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್ ಹಿಮಾಲಯದ ಹಿಮ ನೋಡಿ ಮಳೆ ಹೇಳಲು ಹೊರಟರು. 1904ರಲ್ಲಿ ಅದೇ ಹುದ್ದೆಗೆ ಬಂದ ಗಿಲ್ಬರ್ಟ್ ವಾಕರ್ ಪೆಸಿಫಿಕ್‌ಗೂ ಹಿಂದೂ ಮಹಾಸಾಗರಕ್ಕೂ ನಡುವೆ ವಾಯುಭಾರ ಏರಿಳಿಯುವುದನ್ನು ಗುರುತಿಸಿದರು. ಅದಕ್ಕೂ ಕಡಲಿನ ಬಿಸಿಗೂ ಗಂಟು ಹಾಕಿದ್ದು 1969ರಲ್ಲಿ, ಹವಾಮಾನ ವಿಜ್ಞಾನಿ ಜೇಕಬ್ ಬ್ಯರ್ಕ್‌ನೆಸ್.

ಅಸಲಿ ಗೊಂದಲ ಶುರುವಾದದ್ದು 1997ರಲ್ಲಿ. ಆ ವರ್ಷದ ಎಲ್ ನಿನೊ ಶತಮಾನದ ಅತಿ ಪ್ರಬಲವಾದವುಗಳಲ್ಲಿ ಒಂದು. ಎಲ್ಲರೂ ಬರಕ್ಕೆ ಸಜ್ಜಾಗಿದ್ದರು. ಆದರೆ ದೇಶದ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ, ಶೇ 102ರಷ್ಟು ಸುರಿಯಿತು. ಐದು ವರ್ಷ ಕಳೆದು 2002ರಲ್ಲಿ ಬಂದದ್ದು ಅದರ ಮುಂದೆ ಏನೂ ಅಲ್ಲದ ಎಲ್ ನಿನೊ. ಹದಿನಾರು ಅಂಶಗಳನ್ನು ಕೂಡಿಸಿ ಲೆಕ್ಕ ಹಾಕುತ್ತಿದ್ದ ಇಲಾಖೆ, ವಾಡಿಕೆ ಮಳೆ ಎಂದು ಹೇಳಿತ್ತು. ಜುಲೈ ತಿಂಗಳಲ್ಲಿ ದೇಶಕ್ಕೆ ಬರಬೇಕಾದ ಮಳೆಯಲ್ಲಿ ಅರ್ಧದಷ್ಟೂ ಬರಲಿಲ್ಲ. ಋತು ಮುಗಿದಾಗ ಲೆಕ್ಕ ಶೇ 81ಕ್ಕೆ ನಿಂತಿತು. ಆ ವರ್ಷ ಕಾವೇರಿ ಜಗಳ ಎಷ್ಟು ಕಾವೇರಿತ್ತು ಎಂಬುದು ಮಂಡ್ಯದವರಿಗೆ ನೆನಪಿದ್ದೇ ಇರುತ್ತದೆ. ಮರುವರ್ಷ ಹದಿನಾರು ಅಂಶಗಳ ಆ ಮಾದರಿಯನ್ನೇ ಕೈಬಿಡಲಾಯಿತು.

ಪೆಸಿಫಿಕ್ ಕಡೆಗೇ ಮುಖ ಮಾಡಿ ಕುಳಿತಿದ್ದವರು ಮಗ್ಗುಲಲ್ಲೇ ಇದ್ದ ಕಡಲನ್ನು ಗಮನಿಸಿರಲಿಲ್ಲ. 1997ರಲ್ಲಿ ಹಿಂದೂ ಮಹಾಸಾಗರದ ಆಫ್ರಿಕಾ ಕಡೆಯ ನೀರು ಬಿಸಿಯೇರಿ, ಸುಮಾತ್ರಾ ಕಡೆಯದು ತಣ್ಣಗಾಗಿತ್ತು. ಈ ಏರುಪೇರಿಗೆ 1999ರಲ್ಲಿ ಹಿಂದೂ ಮಹಾಸಾಗರದ ದ್ವಿಧ್ರುವ ಎಂಬ ಹೆಸರು ಬಂತು. ಅದನ್ನು ಮಂಡಿಸಿದ ಪ್ರಬಂಧದ ನಾಲ್ವರು ಲೇಖಕರಲ್ಲಿ ಮೂವರು ಭಾರತೀಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ನೀರಿನ ಬದಲು ಮೋಡದ ಬೆನ್ನು ಹತ್ತಿದರು. ಹಿಂದೂ ಮಹಾಸಾಗರದ ಪಶ್ಚಿಮದಲ್ಲಿ ಮೋಡ ದಟ್ಟೈಸಿದರೆ ಮುಂಗಾರಿಗೆ ಬಲ, ಪೂರ್ವದಲ್ಲಿ ದಟ್ಟೈಸಿದರೆ ಪೆಟ್ಟು ಎಂದು 2004ರಲ್ಲಿ ತೋರಿಸಿದರು. 1997ರಲ್ಲಿ ಆ ಬಲ ಸಿಕ್ಕಿತ್ತು, 2002ರಲ್ಲಿ ಎರಡು ಕಡಲುಗಳೂ ಒಟ್ಟಿಗೆ ತಿರುಗಿಬಿದ್ದಿದ್ದವು. ಬೆಂಗಳೂರಿನಲ್ಲೇ ನಡೆದ ಈ ಕೆಲಸ ನಮ್ಮ ಬರದ ಚರ್ಚೆಗಳಲ್ಲಿ ಇಷ್ಟು ಅಪರೂಪವಾಗಿ ಕೇಳಿಬರುವುದು ವಿಚಿತ್ರವೇ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 2009 ಮತ್ತು 2015ರ ಬರಗಳಲ್ಲಿ ಎಲ್ ನಿನೊ ಇತ್ತು. 2019ರಲ್ಲಿ ದ್ವಿಧ್ರುವ ಪ್ರಬಲವಾಗಿತ್ತು, ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆಗಳ ಊರುಗಳು ನೀರಿನಲ್ಲಿ ನಿಂತವು.

2023ರಲ್ಲಿ ಎಲ್ ನಿನೊ ಬರುವುದು ಮೊದಲೇ ತಿಳಿದಿತ್ತು, ದ್ವಿಧ್ರುವ ಕೈಹಿಡಿಯಬಹುದೆಂಬ ಭರವಸೆಯೂ ಇತ್ತು. ಅದು ಬಲಗೊಳ್ಳುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು. ಅಷ್ಟರಲ್ಲಿ ಆಶ್ಲೇಷ, ಮಘೆ ಎರಡೂ ಮಳೆಗಳು ಒಣಗಿಯೇ ಹೋಗಿದ್ದವು. ದೇಶಕ್ಕೆ ಅದು 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎನ್ನುವ ನಾಡಿನಲ್ಲಿ ತೆನೆ ಕಟ್ಟುವ ಹೊತ್ತಿಗೆ ಮಳೆ ತಪ್ಪುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಎಲ್ ನಿನೊ ವರ್ಷಗಳಲ್ಲಿ ದಕ್ಷಿಣದ ಹಿಂಗಾರಿಗೆ ಸಾಮಾನ್ಯವಾಗಿ ಅನುಕೂಲವೇ ಆಗುತ್ತದೆ. ಆ ಸಲ ಕರ್ನಾಟಕದಲ್ಲಿ ಅದೂ ಕೈಕೊಟ್ಟಿತು.

ಆ ಏಪ್ರಿಲ್‌ನಲ್ಲಿ ಇಲಾಖೆ ಹೇಳಿದ್ದು ಇಡೀ ದೇಶಕ್ಕೆ ಸರಾಸರಿಯ ಶೇ 96, ಐದು ಶೇಕಡಾಂಶ ಆಚೀಚೆ. ಬಂದದ್ದು ಶೇ 94. ಲೆಕ್ಕದ ಪ್ರಕಾರ ಮುನ್ಸೂಚನೆ ಸರಿಯಾಗಿಯೇ ಇತ್ತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು.