ಮಿನರಲ್ ಆಯಿಲ್: ಸಾಬೂನಾಗದ ಎಣ್ಣೆ

ಮಿನರಲ್ ವಾಟರಿನಲ್ಲಿರುವ ಲವಣಗಳಿಗೂ ಮಿನರಲ್ ಆಯಿಲಿಗೂ ಸಂಬಂಧವಿಲ್ಲ. ಇಲ್ಲಿ ಮಿನರಲ್ ಅಂದರೆ ನೆಲದಡಿಯಿಂದ ಬಂದದ್ದು, ಅಂದರೆ ಕಚ್ಚಾ ಪೆಟ್ರೋಲಿಯಂ. ಅದರ ಭಾರದ ಭಾಗವನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಿ, ಮೇಣ ತೆಗೆದು, ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿದರೆ ಗಂಧಕವೂ ಆರೊಮ್ಯಾಟಿಕ್ (ಬೆಂಝೀನ್ ಮಾದರಿಯ) ಸಂಯುಕ್ತಗಳೂ ಹೋಗುತ್ತವೆ. ಉಳಿಯುವುದು ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಎಣ್ಣೆ. ಮೆಡಿಕಲ್ ಶಾಪಿನಲ್ಲಿ ಇದರ ಹೆಸರು ಲಿಕ್ವಿಡ್ ಪ್ಯಾರಾಫಿನ್, ಕಾರ್ಖಾನೆಯಲ್ಲಿ ವೈಟ್ ಆಯಿಲ್. ಈ ಶುದ್ಧೀಕರಣ ಹೆಸರಿಗೆ ಮಾತ್ರ ಮಾಡುವುದಲ್ಲ: ಸರಿಯಾಗಿ ಸಂಸ್ಕರಿಸದ ಖನಿಜ ಎಣ್ಣೆ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ.

ಗಾಣದ ಎಣ್ಣೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ, ಆದರೆ ಬುಡದಲ್ಲೇ ಇದೆ. ತೆಂಗಿನೆಣ್ಣೆ ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್ ಸೇರಿ ಆದದ್ದು. ಮಿನರಲ್ ಆಯಿಲ್ ಬರೇ ಇಂಗಾಲ ಮತ್ತು ಜಲಜನಕದ ಸರಪಳಿ. ಆದ್ದರಿಂದ ಕಮಟುವುದಿಲ್ಲ, ಕ್ಷಾರ ಹಾಕಿದರೆ ಸಾಬೂನಾಗುವುದಿಲ್ಲ, ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ಹೊಲಿಗೆ ಮೆಷಿನ್ನಿಗೆ ತೆಂಗಿನೆಣ್ಣೆ ಬಿಟ್ಟವರ ಮೆಷಿನ್ ಧನುರ್ಮಾಸದ ಬೆಳಗ್ಗೆ ಬಿಗಿಯುವುದು ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುವುದರಿಂದ. ಮಿನರಲ್ ಆಯಿಲೇ ಆದ ಮೆಷಿನ್ ಎಣ್ಣೆಗೆ ಆ ತೊಂದರೆ ಇಲ್ಲ.

ಮಲಬದ್ಧತೆಗೆ ಇದನ್ನು ಕೊಡುವುದೂ ಜೀರ್ಣವಾಗದ ಗುಣಕ್ಕಾಗಿಯೇ. ಆದರೆ ಮಲಗಿದಲ್ಲೇ ಇರುವ ವೃದ್ಧರಿಗೆ, ಸಣ್ಣ ಮಕ್ಕಳಿಗೆ ಕುಡಿಸಬಾರದು. ಗಂಟಲಿಗೆ ತಾಗಿದರೂ ಕೆಮ್ಮು ಬರಿಸದ ಎಣ್ಣೆಯಿದು. ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಬಹುಕಾಲ ಕುಡಿದರೆ ಎ, ಡಿ, ಇ, ಕೆ ಜೀವಸತ್ವಗಳೂ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಕಾಸರಗೋಡಿನ ಕೃಷಿಕರಿಗೆ ಇದು ಹೆಚ್ಚು ಪರಿಚಯ ಸ್ಪ್ರೇ ಎಣ್ಣೆಯಾಗಿ. ರಬ್ಬರಿನ ಎಲೆ ಉದುರುವ ರೋಗಕ್ಕೆ ಮಳೆಗಾಲಕ್ಕೆ ಮೊದಲು, ಎಣ್ಣೆಯಲ್ಲಿ ಕದಡುವ 56% ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಪುಡಿಯನ್ನು ಕಿಲೋಗೆ 5 ಲೀಟರ್ ಎಣ್ಣೆಯ ಲೆಕ್ಕದಲ್ಲಿ ಬೆರೆಸುತ್ತಾರೆ; ಹೆಕ್ಟೇರಿಗೆ ಸುಮಾರು 40 ಲೀಟರ್ ಎಣ್ಣೆ ಸಾಕು. ಮೊದಲು ಸ್ವಲ್ಪ ಎಣ್ಣೆಯಲ್ಲಿ ಪುಡಿಯನ್ನು ಹಿಟ್ಟಿನಂತೆ ಕಲಸಿ, ಆಮೇಲೆ ಉಳಿದದ್ದನ್ನು ಸುರಿಯಬೇಕು. ಅಡಿಕೆಗೆ ಬೋರ್ಡೊ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದ ಪಾತ್ರೆಯನ್ನು ಒಣಗಿಸದೆ ಬಳಸಿದರೆ, ಉಳಿದ ನೀರಿಗೆ ಪುಡಿ ಗಂಟುಕಟ್ಟಿ ನಾಝಲ್ ಮುಚ್ಚುತ್ತದೆ. ಸ್ಪ್ರೇ ನಿಲ್ಲಿಸಿ ಇಟ್ಟರೂ ತಾಮ್ರ ತಳ ಸೇರುತ್ತದೆ, ಮತ್ತೆ ಕದಡಲೇಬೇಕು.

ಬಾಳೆಯ ಸಿಗಟೋಕಾ ಎಲೆಚುಕ್ಕೆಗೆ ಕ್ರಮ ಬೇರೆ: 100 ಲೀಟರ್ ನೀರಿಗೆ 1 ಲೀಟರ್ ಎಣ್ಣೆ ಮತ್ತು 100 ಮಿಲಿ ಪ್ರೊಪಿಕೊನಝೋಲ್ ಎಂಬ ಶಿಲೀಂಧ್ರನಾಶಕ, ಎಲೆಯ ಅಡಿಭಾಗಕ್ಕೂ ತಾಗುವಂತೆ. ನೀರಲ್ಲಿ ಬೆರೆಯುವ, ಎಮಲ್ಸಿಫೈಯರ್ ಸೇರಿಸಿದ ಎಣ್ಣೆಯೇ ಬೇಕು. ಮೆಡಿಕಲ್ ಶಾಪಿನ ಪ್ಯಾರಾಫಿನ್ ಬ್ಯಾರೆಲಿನಲ್ಲಿ ತೇಲಿ ನಿಲ್ಲುತ್ತದೆ, ಯಾವುದೋ ಒಂದು ಬಾಳೆಗೆ ಪೂರ್ತಿ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಗಂಧಕದ ಔಷಧಿಯ ಜೊತೆಗೂ ಬೇಡ, ಮಧ್ಯಾಹ್ನದ ಬಿಸಿಲಿಗೂ ಬೇಡ.



ಇನ್ನು ಕಲಬೆರಕೆ. ತೆಂಗಿನೆಣ್ಣೆಗೆ ಪ್ಯಾರಾಫಿನ್ ಸೇರಿಸಿದರೆ ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ನೋಡುವ ಉಪಾಯ ನಂಬುವಂಥದ್ದಲ್ಲ. ಸ್ವಲ್ಪ ಬೆರೆಸಿದ್ದರೂ ಎಣ್ಣೆ ಹೆಪ್ಪುಗಟ್ಟೀತು. ಪ್ರಯೋಗಾಲಯದಲ್ಲಿ ಮಾಡುವುದು ಹೋಲ್ಡೆ ಪರೀಕ್ಷೆ. 22 ಹನಿ ಎಣ್ಣೆಗೆ 25 ಮಿಲಿ 0.5 ನಾರ್ಮಲ್ ಸಾಂದ್ರತೆಯ ಆಲ್ಕೊಹಾಲಿಕ್ ಪೊಟ್ಯಾಶ್ (ಮದ್ಯಸಾರದಲ್ಲಿ ಕರಗಿಸಿದ ಕ್ಷಾರ) ಹಾಕಿ, ತಿಳಿಯಾಗುವ ತನಕ ಕುದಿಸಿ, 25 ಮಿಲಿ ನೀರನ್ನು ಪಾತ್ರೆಯ ಬದಿಯಿಂದ ಇಳಿಸಬೇಕು. ತೆಂಗಿನೆಣ್ಣೆ ಅಷ್ಟು ಹೊತ್ತಿಗೆ ಸಾಬೂನಾಗಿ ನೀರಲ್ಲಿ ಕರಗಿರುತ್ತದೆ. ಖನಿಜ ಎಣ್ಣೆ ಸಾಬೂನಾಗದೆ ಉಳಿದು ದ್ರಾವಣವನ್ನು ಬಿಳಿಚಾಗಿ ಕದಡಿಸುತ್ತದೆ, 1% ಇದ್ದರೂ ಕಾಣುತ್ತದೆ. ಇದೇ ಕದಡು ಅಕ್ಕಿ ತವಡಿನ ಎಣ್ಣೆಯಲ್ಲಿ ಕಂಡರೆ ಅವಸರಪಡಬಾರದು. ಸಾಬೂನಾಗದ ಅಂಶ ಅದರಲ್ಲಿ ಹುಟ್ಟಿನಿಂದಲೇ ಜಾಸ್ತಿ.