ಇವಿಗೆ ಹೊಸ ಟೈರ್: ಸದ್ದು, ರೇಂಜ್, ಹಿಡಿತದ ಲೆಕ್ಕ

ಟಾಟಾದ ಎಲೆಕ್ಟ್ರಿಕ್ ಕಾರು (ಇವಿ) ನೆಕ್ಸಾನ್ ಇವಿ 2020ರಲ್ಲಿ ಬಂತು. ಆಗ ತಗೊಂಡವರಲ್ಲಿ ಬಹಳ ಜನ ಈಗಾಗಲೇ ಮೊದಲ ಸೆಟ್ ಟೈರ್ ಸವೆಸಿದ್ದಾರೆ. ಹೊಸದಕ್ಕೆ ಅಂಗಡಿಗೆ ಹೋದರೆ ಕೇಳಿಸುವ ಮಾತು ಒಂದೇ: "ಇದು ಇವಿ ಟೈರ್ ಸಾರ್, ಸದ್ದು ಬರಲ್ಲ, ರೇಂಜೂ ಜಾಸ್ತಿ." ರೇಂಜ್ ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಕಾರು ಓಡುವ ದೂರ. ಅಂಗಡಿಯವರ ಆ ಮಾತಿನಲ್ಲಿ ಎಷ್ಟು ನಿಜ, ಅದನ್ನು ಪರೀಕ್ಷಿಸುವುದು ಹೇಗೆ ಅಂತ ನನ್ನ ಹಾಗೆ ಕಲಿಯುತ್ತಿರುವವರಿಗೆ ಬರೆದ ಟಿಪ್ಪಣಿ ಇದು. ಉದಾಹರಣೆಗೆ ನೆಕ್ಸಾನ್‌ನ 215/60 ಆರ್16 ಅಳತೆಯನ್ನೇ ಹಿಡಿದಿದ್ದೇನೆ (ಅಗಲ 215 ಮಿಮೀ, ಪಕ್ಕದ ಗೋಡೆಯ ಎತ್ತರ ಅದರ 60 ಪರ್ಸೆಂಟ್, ರಿಮ್ 16 ಇಂಚು). ನಿಮ್ಮದು ಬೇರೆ ಕಾರಾದರೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕ ಹಾಕುವ ರೀತಿ ಅದೇ.

ರೋಲಿಂಗ್ ರೆಸಿಸ್ಟೆನ್ಸ್ ಎಲ್ಲಿಂದ ಬರುತ್ತದೆ

ರೋಲಿಂಗ್ ರೆಸಿಸ್ಟೆನ್ಸ್ ಅಂದರೆ ಟೈರ್ ಉರುಳುವಾಗ ಎದುರಾಗುವ ತಡೆ. ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಚಪ್ಪಟೆಯಾಗುತ್ತದೆ, ಆಮೇಲೆ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿಗೂ ಇದೇ ಕೆಲಸ. ಚಪಾತಿ ಹಿಟ್ಟು ನಾದುವಾಗ ಕೈ ಹಾಕಿದ ಶಕ್ತಿಯನ್ನು ಹಿಟ್ಟು ವಾಪಸ್ ಕೊಡುವುದಿಲ್ಲ ಅಲ್ವಾ, ರಬ್ಬರೂ ಅಷ್ಟೇ, ಬಗ್ಗಿಸಲು ಹಾಕಿದ ಶಕ್ತಿಯಲ್ಲಿ ಒಂದು ಪಾಲನ್ನು ಶಾಖ ಮಾಡಿ ಕಳೆದುಬಿಡುತ್ತದೆ. ಹೀಗೆ ಹೋದದ್ದನ್ನು ರೀಜನರೇಟಿವ್ ಬ್ರೇಕಿಂಗ್ (ವೇಗ ಇಳಿಸುವಾಗ ಮೋಟಾರಿನಿಂದಲೇ ಬ್ಯಾಟರಿಗೆ ಕರೆಂಟು ತುಂಬುವುದು, ಚಿಕ್ಕದಾಗಿ ರೀಜನ್) ಕೂಡ ತಂದುಕೊಡಲಾರದು. ರೀಜನ್ ಹಿಡಿಯುವುದು ಕಾರಿನ ವೇಗದಲ್ಲಿರುವ ಶಕ್ತಿಯನ್ನು ಮಾತ್ರ, ಟೈರಿನಲ್ಲಿ ಬಿಸಿಯಾಗಿ ಹೋದದ್ದು ಹೋದಂತೆಯೇ.

ಇದನ್ನು ಅಳೆಯುವುದು ಟನ್ನಿಗೆ ಎಷ್ಟು ಕೆಜಿ ತಡೆ ಅನ್ನುವ ಲೆಕ್ಕದಲ್ಲಿ. ಟೈರುಗಳಿಗೆ ದರ್ಜೆ ಕೊಡುವ ಯುರೋಪಿನ ಲೇಬಲ್ 2021ರ ಮೇ ತಿಂಗಳಿಂದ ಹೊಸ ರೂಪದಲ್ಲಿದೆ. ಅದರಲ್ಲಿ ಕಾರಿನ ಟೈರಿಗೆ 6.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎ, 7.7ರ ತನಕ ಬಿ, 9.0 ತನಕ ಸಿ, 10.5 ತನಕ ಡಿ, ಅದಕ್ಕೂ ಮೇಲೆ ಇ.

ಈಗ ಲೆಕ್ಕ. ಜನ ಕೂತಮೇಲೆ ಕಾರು 1,600 ಕೆಜಿ ಅಂತ ಇಟ್ಟುಕೊಳ್ಳಿ. ಟೈರ್ 9.0ರದ್ದಾದರೆ ತಡೆ ಸುಮಾರು 141 ನ್ಯೂಟನ್, 7.0ರದ್ದಾದರೆ 110. ನೂರು ಕಿಲೋಮೀಟರಿಗೆ ಇದನ್ನು ಕರೆಂಟಿನ ಯೂನಿಟ್ ಮಾಡಿದರೆ ಮೊದಲನೆಯದಕ್ಕೆ 3.9, ಎರಡನೆಯದಕ್ಕೆ 3.05. ಮೋಟಾರು ಮತ್ತು ಗೇರಿನಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ ಬ್ಯಾಟರಿಯಿಂದ ನೂರು ಕಿಲೋಮೀಟರಿಗೆ ಹೆಚ್ಚೂಕಡಿಮೆ 1 ಯೂನಿಟ್ ಉಳಿತಾಯ. ಕಾರು ನೂರಕ್ಕೆ 14 ಯೂನಿಟ್ ತಿನ್ನುವುದಾದರೆ ಇದು 7 ಪರ್ಸೆಂಟ್. 200 ಕಿಮೀ ಓಡುತ್ತಿದ್ದ ಚಾರ್ಜಿನಲ್ಲಿ 15 ಕಿಮೀ ಜಾಸ್ತಿ ಓಡಬಹುದು.

ಹಣದಲ್ಲಿ ನೋಡಿ. ವರ್ಷಕ್ಕೆ 10,000 ಕಿಮೀ ಓಡಿಸಿದರೆ 100 ಯೂನಿಟ್. ಮನೆಯ ಕರೆಂಟು ಯೂನಿಟ್ಟಿಗೆ 7 ರೂಪಾಯಿ ಅಂದರೂ ವರ್ಷಕ್ಕೆ 700 ರೂಪಾಯಿ. ಈ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ 700 ರೂಪಾಯಿಗಾಗಿ ಮಳೆಯಲ್ಲಿ ನಿಲ್ಲದ ಟೈರ್ ಹಾಕಿಸಬಾರದು, ನಾನು ಒತ್ತಿ ಹೇಳುವುದು ಇಷ್ಟನ್ನೇ.

ಮೂರು ಗುಣಗಳ ಜಗ್ಗಾಟ

ರೋಲಿಂಗ್ ರೆಸಿಸ್ಟೆನ್ಸ್ ಕಡಿಮೆ ಮಾಡಲು ಸುಲಭದ ದಾರಿ ಅಂದರೆ ಟ್ರೆಡ್ (ನೆಲಕ್ಕೆ ತಾಗುವ ಗೀರುಗಳಿರುವ ರಬ್ಬರ್ ಪದರ) ತೆಳುವಾಗಿಸುವುದು, ಇಲ್ಲವೇ ಶಕ್ತಿ ನುಂಗದ ರಬ್ಬರ್ ಹಾಕುವುದು. ತೆಳುವಾದರೆ ಬಾಳಿಕೆ ಕಡಿಮೆ. ಶಕ್ತಿ ನುಂಗದ ರಬ್ಬರ್ ಒದ್ದೆ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ, ಯಾಕೆಂದರೆ ಹಿಡಿತ ಬರುವುದೂ ರಬ್ಬರ್ ಶಕ್ತಿ ನುಂಗುವುದರಿಂದಲೇ. ಬಾಳಿಕೆ, ಒದ್ದೆ ಹಿಡಿತ, ಉಳಿತಾಯ ಈ ಮೂರೂ ಒಂದನ್ನೊಂದು ಜಗ್ಗುತ್ತವೆ.

ಇದನ್ನು ಸಡಿಲಿಸಿದ್ದು ಸಿಲಿಕಾ. ರಬ್ಬರಿಗೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ಅನ್ನುವ ಕಪ್ಪು ಪುಡಿಯ ದೊಡ್ಡ ಪಾಲನ್ನು ತೆಗೆದು, ಮರಳಿನಲ್ಲಿರುವಂಥ ಸಿಲಿಕಾದ ಪುಡಿ ಬೆರೆಸಿದ ಟೈರನ್ನು ಮಿಷೆಲಿನ್ 1992ರಲ್ಲಿ ಮಾರುಕಟ್ಟೆಗೆ ತಂದಿತು. ಉರುಳುವಾಗ ರಬ್ಬರ್ ಬಗ್ಗುವುದು ನಿಧಾನ, ಸೆಕೆಂಡಿಗೆ ಹತ್ತಾರು ಸಲ. ಬ್ರೇಕ್ ಹಾಕಿದಾಗ ರಸ್ತೆಯ ಸಣ್ಣ ಉಬ್ಬುತಗ್ಗುಗಳ ಮೇಲೆ ಅದು ಸಾವಿರಾರು ಸಲ ಅದುರುತ್ತದೆ. ಮೊದಲನೆಯದರಲ್ಲಿ ಕಡಿಮೆ ಶಕ್ತಿ ನುಂಗಿ, ಎರಡನೆಯದರಲ್ಲಿ ಜಾಸ್ತಿ ನುಂಗುವ ಹಾಗೆ ಮಿಶ್ರಣ ಮಾಡಲು ಸಿಲಿಕಾದಿಂದ ಸಾಧ್ಯವಾಯಿತು. ಅಂದರೆ ಎರಡೂ ಚೆನ್ನಾಗಿರುವ ಟೈರ್ ಸಿಗುತ್ತದೆ, ಆದರೆ ಅಗ್ಗಕ್ಕೆ ಸಿಗುವುದಿಲ್ಲ. ಅಗ್ಗದ ಟೈರ್ "ಮೈಲೇಜ್ ಜಾಸ್ತಿ" ಅಂತ ಹೇಳಿಕೊಂಡರೆ ಅದು ಮೂರರಲ್ಲಿ ಯಾವುದನ್ನು ಬಿಟ್ಟುಕೊಟ್ಟಿದೆ ಅಂತ ಕೇಳಬೇಕು. ಬಿಟ್ಟುಕೊಟ್ಟದ್ದು ಒದ್ದೆ ಹಿಡಿತವಾಗಿದ್ದರೆ ಶಿರಾಡಿ ಘಾಟಿಯಲ್ಲಿ ಜುಲೈ ತಿಂಗಳ ಮಳೆಯಲ್ಲಿ ಅದು ಗೊತ್ತಾಗುತ್ತದೆ. ಲೇಬಲ್ಲಿನಲ್ಲಿ ಒದ್ದೆ ಹಿಡಿತ ಒಂದೊಂದು ದರ್ಜೆ ಇಳಿದ ಹಾಗೂ 80ರ ವೇಗದಿಂದ ನಿಲ್ಲಲು ಕೆಲವು ಮೀಟರ್ ಜಾಸ್ತಿ ಬೇಕು. ಮೇಲಾಗಿ ಇವಿ ಭಾರ ಜಾಸ್ತಿ.

ಸದ್ದಿನ ವಿಷಯ

ಇವಿಯಲ್ಲಿ ಟೈರಿನ ಸದ್ದು ಜಾಸ್ತಿ ಅನಿಸುವುದಕ್ಕೆ ಮುಖ್ಯ ಕಾರಣ ಅದನ್ನು ಮುಚ್ಚುವ ಎಂಜಿನ್ ಇಲ್ಲದಿರುವುದು. ಸದ್ದಿನಲ್ಲೂ ಬಗೆಬಗೆ ಇದೆ, ಎಲ್ಲವನ್ನೂ ಒಂದೇ ಟೈರ್ ತಗ್ಗಿಸುವುದಿಲ್ಲ.

ಒಂದು ಸುಂಯ್ ಅನ್ನುವ ಸದ್ದು. ಟ್ರೆಡ್ಡಿನ ತುಂಡುಗಳು ಸಾಲಾಗಿ ನೆಲಕ್ಕೆ ಬಡಿಯುವುದು, ಗೀರುಗಳೊಳಗಿನ ಗಾಳಿ ಒತ್ತಿ ಹೊರಗೆ ಚಿಮ್ಮುವುದು, ಇವುಗಳಿಂದ ಬರುತ್ತದೆ. ಎಲ್ಲ ತುಂಡುಗಳೂ ಒಂದೇ ಅಳತೆಯಿದ್ದರೆ ಒಂದೇ ಸ್ವರದಲ್ಲಿ ಕೂಗುತ್ತವೆ. ಅದಕ್ಕೇ ಒಳ್ಳೆಯ ಟೈರಿನಲ್ಲಿ ತುಂಡುಗಳ ಉದ್ದವನ್ನು ಬೇಕೆಂದೇ ಏರುಪೇರು ಮಾಡಿರುತ್ತಾರೆ. ಹತ್ತಿರದಿಂದ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಗುಂಯ್ ಅನ್ನುವುದು. ಟೈರಿನ ಒಳಗಿನ ಗಾಳಿ ಒಂದು ಉಂಗುರ ಇದ್ದ ಹಾಗೆ, ಆ ಉಂಗುರಕ್ಕೂ ಒಂದು ಸ್ವರ ಇದೆ. 215/60 ಆರ್16 ಟೈರಿನ ಹೊರವ್ಯಾಸ 664 ಮಿಮೀ, ರಿಮ್ 406 ಮಿಮೀ. ನಡುವಿನ ಸುತ್ತಳತೆ ಸುಮಾರು 1.68 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಭಾಗಿಸಿದರೆ 204 ಹರ್ಟ್ಸ್. ರಸ್ತೆಯ ಜಾಯಿಂಟ್ ಅಥವಾ ಗುಂಡಿ ಮೇಲೆ ಹೋದಾಗ ಕಾರಿನೊಳಗೆ ಗುಂಯ್ ಅನ್ನುವುದು ಇದೇ. ಒಳಗೆ ಫೋಮ್ ಅಂಟಿಸಿದ ಟೈರುಗಳು, ಉದಾಹರಣೆಗೆ ಕಾಂಟಿನೆಂಟಲ್‌ನ ಕಾಂಟಿಸೈಲೆಂಟ್, ತಗ್ಗಿಸುವುದು ಈ ಒಂದು ಸದ್ದನ್ನು. ಜಲ್ಲಿ ಎದ್ದ ಒರಟು ಡಾಂಬರಿನ ಮೇಲೆ ಬರುವ ಸುಂಯ್‌ಗೆ ಫೋಮ್ ಏನೂ ಮಾಡುವುದಿಲ್ಲ. ದುಡ್ಡು ಕೊಡುವ ಮುಂಚೆ ನಿಮಗೆ ಕಾಟ ಕೊಡುತ್ತಿರುವುದು ಯಾವ ಸದ್ದು ಅಂತ ಕೇಳಿಸಿಕೊಳ್ಳಿ.

ಫೋಮ್ ಟೈರ್ ಪಂಕ್ಚರ್ ಆದಾಗ ಕಷ್ಟ. ಒಳಗಿನಿಂದ ಪ್ಯಾಚ್ ಹಾಕಲು ಆ ಜಾಗದ ಫೋಮ್ ಕೊಯ್ದು ತೆಗೆಯಬೇಕು. ಇದು ಗೊತ್ತಿರುವ ಅಂಗಡಿ ದೊಡ್ಡ ಊರಲ್ಲಿ ಸಿಕ್ಕೀತು, ಹೆದ್ದಾರಿ ಬದಿಯಲ್ಲಿ ಕಷ್ಟವೇ. ಹಳ್ಳಿ ಕಡೆ ಜಾಸ್ತಿ ಓಡಾಡುವವರು ಫೋಮ್ ಬಿಟ್ಟು, ಟ್ರೆಡ್ಡೇ ಸದ್ದಿಲ್ಲದ ಟೈರ್ ನೋಡುವುದು ಒಳ್ಳೆಯದು.

ಲೇಬಲ್ ಮೇಲಿನ ಡೆಸಿಬಲ್ ಅಂಕಿಯ ಬಗ್ಗೆ ಎಚ್ಚರ. ಅದು 80ರ ವೇಗದಲ್ಲಿ ರಸ್ತೆ ಬದಿಯಲ್ಲಿ ನಿಂತವರಿಗೆ ಕೇಳುವ ಸದ್ದು, ನಿಮ್ಮ ಕಿವಿಗೆ ಬೀಳುವುದಲ್ಲ. ಒಳಗಿನ ಸದ್ದಿಗೆ ಕಾರಿನ ಸಸ್ಪೆನ್ಷನ್, ಫ್ಲೋರ್, ಎಲ್ಲ ಸೇರುತ್ತವೆ. ಆದರೂ ಎರಡು ಟೈರ್ ನಡುವೆ 3 ಡೆಸಿಬಲ್ ವ್ಯತ್ಯಾಸ ಇದ್ದರೆ ಗಮನಿಸಿ, ಶಬ್ದದ ಶಕ್ತಿ ಅರ್ಧಕ್ಕೆ ಇಳಿದ ಹಾಗೆ. ಕಿವಿಗೆ ಅರ್ಧ ಅನಿಸಬೇಕಾದರೆ ಮಾತ್ರ ಸುಮಾರು 10 ಡೆಸಿಬಲ್ ಇಳಿಯಬೇಕು.

ಸದ್ದನ್ನು ಹೋಲಿಸುವುದಾದರೆ ಒಂದೇ ರಸ್ತೆಯಲ್ಲಿ ಹೋಲಿಸಿ. ಬೆಂಗಳೂರಿನ ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಯ ಮೇಲೆ ಹಳೆಯದು, ಹೊಸ ಡಾಂಬರಿನ ಮೇಲೆ ಹೊಸದು ಓಡಿಸಿ "ಎಷ್ಟು ಸೈಲೆಂಟ್" ಅಂದರೆ ಅರ್ಥವಿಲ್ಲ.

ಅಂಗಡಿಯಲ್ಲಿ

ಅಪೊಲೊ ಆಂಪೀರಿಯನ್, ಸಿಯಾಟ್ ಎನರ್ಜಿಡ್ರೈವ್ ಇವು ಇಲ್ಲಿ ಇವಿಗೆಂದೇ ಮಾರುವ ಟೈರುಗಳು. ಮಿಷೆಲಿನ್ ಪ್ರೈಮಸಿ 4 ಎಸ್‌ಟಿ, ಯೊಕೊಹಾಮಾ ಬ್ಲೂಅರ್ಥ್ ಸಾಲಿನವು ಎಲ್ಲ ಕಾರಿಗೂ ಮಾಡಿದವು, ಇವಿಗೂ ಆಗುತ್ತವೆ. "ಇವಿ" ಅನ್ನುವ ಅಕ್ಷರ ಇದ್ದರೆ ಮಾತ್ರ ಸರಿ ಅಂತ ಯಾವ ನಿಯಮವೂ ಇಲ್ಲ. ನೋಡಬೇಕಾದದ್ದು ಅಂಕಿಗಳನ್ನು.

ಮೊದಲು ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ತೂಕ ಹೊರಬಲ್ಲದು ಅನ್ನುವ ಅಂಕಿ. 95 ಅಂದರೆ ಒಂದು ಟೈರಿಗೆ 690 ಕೆಜಿ, 99 ಅಂದರೆ 775 ಕೆಜಿ. ಕಾರಿನ ಜೊತೆ ಬಂದದ್ದಕ್ಕಿಂತ ಕಡಿಮೆ ಹಾಕಲೇಬಾರದು, ಬ್ಯಾಟರಿ ತೂಕ ಹೊರುವುದು ಇದೇ. ಜಾಸ್ತಿ ಇದ್ದರೆ, ಅಂದರೆ ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಆದರೆ, ತೊಂದರೆ ಇಲ್ಲ, ಆದರೆ ಪಕ್ಕದ ಗೋಡೆ ಗಡುಸಾಗಿ ಗುಂಡಿಗಳು ಸ್ವಲ್ಪ ಜಾಸ್ತಿ ತಟ್ಟಬಹುದು.

ಆಮೇಲೆ ತಯಾರಾದ ವಾರ. ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರ. ಹಳೇ ಸ್ಟಾಕ್ ಬೇಡ ಅನ್ನಿ.

ಒದ್ದೆ ಹಿಡಿತ ಮತ್ತು ರೋಲಿಂಗ್ ರೆಸಿಸ್ಟೆನ್ಸ್ ನಮ್ಮಲ್ಲಿ ತಿಳಿಯುವುದು ಸ್ವಲ್ಪ ಕಷ್ಟ. ಎಐಎಸ್-142 ಅನ್ನುವ ಮಾನದಂಡ ಈ ಎರಡಕ್ಕೂ ಸದ್ದಿಗೂ ಮಿತಿ ಹಾಕುತ್ತದೆ, ಆದರೆ ಯಾವ ಟೈರ್ ಎಷ್ಟು ಮುಂದೆ ಅಂತ ಅದು ಹೇಳುವುದಿಲ್ಲ. ಫ್ರಿಜ್ ಮೇಲೆ ಇರುವಂಥ ಬಿಇಇ ಸ್ಟಾರ್ ಟೈರಿಗೂ ಇದೆ, ಇದ್ದರೆ ನೋಡಿ. ಯುರೋಪಿನ ಎಪ್ರೆಲ್ ಅನ್ನುವ ಸಾರ್ವಜನಿಕ ಪಟ್ಟಿಯಲ್ಲಿ ಟೈರಿನ ಹೆಸರು, ಅಳತೆ ಹಾಕಿದರೆ ಮೂರೂ ಅಂಕಿ ಸಿಗುತ್ತವೆ. ಒಂದೇ ಹೆಸರಿನ ಟೈರನ್ನು ಬೇರೆ ದೇಶಕ್ಕೆ ಬೇರೆ ಮಿಶ್ರಣದಲ್ಲಿ ಮಾಡಿರಬಹುದು, ಹಾಗಾಗಿ ಅದನ್ನು ಸುಳಿವು ಅಂತ ಮಾತ್ರ ತಗೊಳ್ಳಿ.

ನನ್ನ ಆಯ್ಕೆಯ ಕ್ರಮ: ಒದ್ದೆ ಹಿಡಿತ ಎ ಅಥವಾ ಬಿ ಇದ್ದವನ್ನು ಮಾತ್ರ ಉಳಿಸಿಕೊಂಡು, ಅವುಗಳಲ್ಲಿ ರೋಲಿಂಗ್ ರೆಸಿಸ್ಟೆನ್ಸ್ ಕಡಿಮೆ ಇರುವುದನ್ನು ಹುಡುಕುವುದು, ಕೊನೆಗೆ ಸದ್ದು. ಚೆಂದಕ್ಕೆ ಅಗಲದ ಟೈರು, ದೊಡ್ಡ ರಿಮ್ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ರೇಂಜ್ ಹೋಗುತ್ತದೆ, ಸದ್ದು ಏರುತ್ತದೆ, ಗುಂಡಿಗೆ ಬಿದ್ದರೆ ರಿಮ್ಮೂ ಹೋಗುತ್ತದೆ.

ಹಾಕಿಸುವಾಗ ಕಾರಿನ ಪಕ್ಕದಲ್ಲೇ ನಿಂತಿರಿ. ಕೆಳಗೆ ಪೂರ್ತಿ ಬ್ಯಾಟರಿ ಇದೆ, ಜ್ಯಾಕ್ ಕೂರಬೇಕಾದದ್ದು ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗದಲ್ಲಿ ಮಾತ್ರ. ನೈಟ್ರೋಜನ್‌ಗೆ ದುಡ್ಡು ಕೊಡಬೇಕಾಗಿಲ್ಲ, ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ಅದೇ.

ಗಾಳಿ

ಇಷ್ಟೆಲ್ಲ ನೋಡಿ ತಂದ ಟೈರಿನ ಲಾಭವನ್ನು ಗಾಳಿ ಕಡಿಮೆ ಇಟ್ಟು ಕಳೆಯುವುದು ಬಹಳ ಸುಲಭ. 33 ಪಿಎಸ್‌ಐ ಇರಬೇಕಾದ ಕಡೆ 26 ಇದ್ದರೆ ತಡೆ ಸುಮಾರು 10 ಪರ್ಸೆಂಟ್ ಏರುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಇರುವಷ್ಟನ್ನು, ಟೈರ್ ತಣ್ಣಗಿರುವಾಗ ತುಂಬಿಸಿ. ಬೆಂಗಳೂರಿನಿಂದ ಮಂಗಳೂರಿಗೆ ಇಳಿದವರಿಗೆ ಒಂದು ವಿಷಯ: ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ ಜಾಸ್ತಿ. ಅದೇ ಟೈರು ಅಲ್ಲಿ ಗೇಜಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ, ಸೆಕೆ ಅದರಲ್ಲಿ ಸ್ವಲ್ಪ ವಾಪಸ್ ಕೊಡುತ್ತದೆ. ಪಂಕ್ಚರ್ ಅಂತ ಗಾಬರಿ ಬೇಡ.

ಮುಂದಿನ ಚಕ್ರಕ್ಕೆ ಮೋಟಾರ್ ಇರುವ ಇವಿಗಳಲ್ಲಿ ಮುಂದಿನ ಟೈರ್ ಬೇಗ ಸವೆಯುತ್ತದೆ. ನೆಕ್ಸಾನ್‌ನ ಮೊದಲ ಮಾದರಿಯಲ್ಲೇ 245 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಇತ್ತು, ಅದೂ ನಿಂತ ಕಡೆಯಿಂದಲೇ. 8-10 ಸಾವಿರ ಕಿಮೀಗೆ ಒಮ್ಮೆ ಹಿಂದು ಮುಂದು ಬದಲಿಸಿ, ಅಲೈನ್‌ಮೆಂಟ್ ನೋಡಿಸಿ. ಬಿಟ್ಟರೆ ಟ್ರೆಡ್ ತುಂಡುಗಳು ಗರಗಸದ ಹಲ್ಲಿನ ಹಾಗೆ ಸವೆದು, ಬೇರಿಂಗ್ ಹೋದ ಹಾಗೆ ಕೂಗುತ್ತವೆ.

ಹಾಕಿಸಿದ ಮೇಲೆ ರೇಂಜ್ ಇಳಿದರೆ

ಹೊಸ ಟೈರ್ ಹಾಕಿಸಿ, ರೇಂಜ್ ಕಡಿಮೆ ಆಯಿತು ಅಂತ ಬೇಜಾರಾಗುವವರು ಬಹಳ. ಟೈರ್ ಕೆಟ್ಟದ್ದೇ ಇರಬೇಕಾಗಿಲ್ಲ. ಸವೆದ ಟೈರಿನಲ್ಲಿ ಬಗ್ಗಲು ರಬ್ಬರೇ ಕಡಿಮೆ, ಹಾಗಾಗಿ ಅದರ ತಡೆ ಹೊಸದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ. ಅದೇ ಕಂಪನಿಯ ಅದೇ ಟೈರ್ ಹಾಕಿಸಿದರೂ ಮೊದಲಿಗೆ ರೇಂಜ್ ಇಳಿಯುತ್ತದೆ. ಜೊತೆಗೆ ಓಡೋಮೀಟರಿನ ಆಟ: ಟ್ರೆಡ್ 8 ಮಿಮೀಯಿಂದ 1.6ಕ್ಕೆ ಬಂದಾಗ ವ್ಯಾಸ 13 ಮಿಮೀ ಕುಗ್ಗಿರುತ್ತದೆ, ಅಂದರೆ ಸುಮಾರು 2 ಪರ್ಸೆಂಟ್. ಹಳೇ ಟೈರಿನಲ್ಲಿ ಕಾರು ಓಡಿದ್ದಕ್ಕಿಂತ ಜಾಸ್ತಿ ತೋರಿಸುತ್ತಿತ್ತು, ಹೊಸದರಲ್ಲಿ ಅದು ನಿಂತುಹೋಗುತ್ತದೆ. ಹೋಲಿಸುವುದೇ ಆದರೆ ಮೊದಲ ಸಾವಿರ ಕಿಮೀ ಬಿಟ್ಟು, ಅದೇ ದಾರಿ, ಅದೇ ವೇಗ, ಎಸಿ ಅಷ್ಟೇ ಇಟ್ಟು, ದೂರವನ್ನು ಓಡೋಮೀಟರಿನ ಬದಲು ಮ್ಯಾಪಿನಿಂದ ತಗೊಳ್ಳಿ.